ಆಂಬುಲೆನ್ಸ್ ಅಂದ್ರೆ ಬಾಡಿಗೆ ಗಾಡಿನಾ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅಮೆರಿಕದ ಮೊಂಟಾನಾ ರಾಜ್ಯದ ಒಂದು ಹಳ್ಳಿ ಅಂತ ಇಟ್ಕೊಳ್ಳಿ. ಎಪ್ಪತ್ತು ದಾಟಿದ ಒಬ್ಬ ರೈತ. ಸಕ್ಕರೆ ಕಾಯಿಲೆ ಇದೆ. ಬೆಳಗಿನ ಜಾವ ರಕ್ತದಲ್ಲಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ್ದಾರೆ. ಹೆಂಡತಿ 911ಕ್ಕೆ ಫೋನ್ ಮಾಡ್ತಾರೆ. 40 ಮೈಲಿ ದೂರದಿಂದ ಆಂಬುಲೆನ್ಸ್ ಬರುತ್ತೆ. ಅದರಲ್ಲಿದ್ದ ಸಿಬ್ಬಂದಿ ಸಕ್ಕರೆ ಪ್ರಮಾಣ ನೋಡಿ, ಗ್ಲೂಕೋಸ್ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅಜ್ಜ ಕಣ್ಣು ಬಿಡ್ತಾರೆ, ಎದ್ದು ಕೂರ್ತಾರೆ, ಮಾತಾಡ್ತಾರೆ. ಆಸ್ಪತ್ರೆಗೆ ನಾನು ಬರಲ್ಲ ಅಂತಾರೆ. ಆಂಬುಲೆನ್ಸ್ ಖಾಲಿ ವಾಪಸ್ ಹೋಗುತ್ತೆ.

ಒಂದು ಜೀವ ಉಳಿಯಿತು. ಈಗ ಹೇಳಿ, ಅರವತ್ತೈದು ದಾಟಿದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ ಇದೆಯಲ್ಲ, ಮೆಡಿಕೇರ್, ಅದು ಈ ಆಂಬುಲೆನ್ಸ್‌ಗೆ ಎಷ್ಟು ಹಣ ಕೊಡುತ್ತೆ?

ಸೊನ್ನೆ. ಒಂದು ಡಾಲರ್ ಕೂಡ ಇಲ್ಲ.

ಅದೇ ಅಜ್ಜನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿದ್ದರೆ? ಆಗ ಬಿಲ್ ಪಾಸ್ ಆಗ್ತಿತ್ತು. ಅಂದರೆ ಜೀವ ಉಳಿಸಿದ್ದಕ್ಕೆ ದುಡ್ಡಿಲ್ಲ, ಸಾಗಿಸಿದ್ದಕ್ಕೆ ದುಡ್ಡಿದೆ. ಇದು ಯಾವ ನ್ಯಾಯ? ಎಲ್ಲಿಂದ ಬಂತು ಇದು? ಇದಕ್ಕೆ ಅರವತ್ತು ವರ್ಷದ ಇತಿಹಾಸ ಇದೆ. ಆ ಇತಿಹಾಸವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಅಮೆರಿಕದ ಹಳ್ಳಿ ಆಂಬುಲೆನ್ಸ್ ಬಿಲ್ ಕಟ್ಟಿಕೊಂಡು ನಮಗೇನಾಗಬೇಕು ಅಂತ ನೀವು ಕೇಳಬಹುದು. ಎರಡು ಕಾರಣ ಇದೆ. ಒಂದು, ಆ ದೇಶದ ಆಸ್ಪತ್ರೆ ಬಿಲ್‌ಗಳ ಕೆಲಸದಲ್ಲಿ ದೊಡ್ಡ ಪಾಲು ನಡೆಯೋದು ನಮ್ಮಲ್ಲಿ. ಬೆಂಗಳೂರು, ಮೈಸೂರು, ಮಂಗಳೂರಿನ ಆಫೀಸ್‌ಗಳಲ್ಲಿ ನಮ್ಮ ನರ್ಸಿಂಗ್, ಫಾರ್ಮಸಿ, ಬಿ.ಎಸ್ಸಿ. ಓದಿದ ಮಕ್ಕಳು ಕೂತು ಅದಕ್ಕೆ ಕೋಡ್ ಹಾಕ್ತಾರೆ. 'ಮೆಡಿಕಲ್ ಕೋಡಿಂಗ್ ಟ್ರೈನಿಂಗ್' ಅನ್ನೋ ಬೋರ್ಡ್ ನೀವು ನೋಡೇ ಇರ್ತೀರಿ. ಎರಡನೇ ಕಾರಣ ನಮ್ಮ 108. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಆಂಬುಲೆನ್ಸ್ ಹುಟ್ಟಿದ್ದು ಯುದ್ಧದಲ್ಲಿ. 1790ರ ದಶಕದ ಫ್ರಾನ್ಸ್. ಡೊಮಿನಿಕ್ ಲ್ಯಾರಿ ಅನ್ನೋ ಸೇನಾ ವೈದ್ಯ. ಆಗಿನ ಪದ್ಧತಿ ಏನಪ್ಪಾ ಅಂದ್ರೆ, ಗಾಯಗೊಂಡ ಸೈನಿಕ ಯುದ್ಧ ಮುಗಿಯೋ ತನಕ ಅಲ್ಲೇ ಬಿದ್ದಿರಬೇಕು. ಲ್ಯಾರಿ ಹಗುರವಾದ ಕುದುರೆ ಗಾಡಿಗಳನ್ನು ಮಾಡಿಸಿ, ಯುದ್ಧ ನಡೆಯುತ್ತಿರುವಾಗಲೇ ಗಾಯಾಳುಗಳ ಹತ್ತಿರ ಹೋದರು. ಇನ್ನೊಂದು ಕ್ರಾಂತಿ ಮಾಡಿದರು. ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಅಂತ ನೋಡಬೇಡಿ, ಯಾರ ಗಾಯ ದೊಡ್ಡದೋ ಅವರಿಗೆ ಮೊದಲು ಚಿಕಿತ್ಸೆ ಅಂದರು. ಮೊದಲ ಆಂಬುಲೆನ್ಸ್ ಕೇಳಿದ ಪ್ರಶ್ನೆ ಒಂದೇ, ಗಾಯ ಎಷ್ಟಿದೆ? ದುಡ್ಡು ಯಾರು ಕೊಡ್ತಾರೆ ಅನ್ನೋ ಪ್ರಶ್ನೆ ಅಲ್ಲಿರಲಿಲ್ಲ, ಯಾಕಂದ್ರೆ ಸೇನೆಯ ಖರ್ಚು ಸರ್ಕಾರದ್ದು.

ಅಲ್ಲಿಂದ ಅಮೆರಿಕಕ್ಕೆ ಬನ್ನಿ. ಅಂತರ್ಯುದ್ಧದ ಅನುಭವದಿಂದ 1860ರ ದಶಕದಲ್ಲಿ ದೊಡ್ಡ ನಗರಗಳ ಆಸ್ಪತ್ರೆಗಳು ಆಂಬುಲೆನ್ಸ್ ಇಟ್ಟವು. ನ್ಯೂಯಾರ್ಕ್‌ನ ಬೆಲ್ವ್ಯೂ ಆಸ್ಪತ್ರೆಯಲ್ಲಿ 1869ರಲ್ಲಿ ಕುದುರೆ ಆಂಬುಲೆನ್ಸ್ ಶುರುವಾಯಿತು. ಆದರೆ ಸಣ್ಣ ಊರು, ಹಳ್ಳಿ? ಅಲ್ಲಿ ಆಂಬುಲೆನ್ಸ್ ಓಡಿಸಿದವರು ಯಾರು ಗೊತ್ತಾ? ಶವಸಂಸ್ಕಾರ ಮಾಡಿಸುವವರು!

ಹೌದು. ಅವರ ಹತ್ತಿರ ಉದ್ದನೆಯ ಕಾರು ಇತ್ತು. ಮನುಷ್ಯನನ್ನು ಮಲಗಿಸಿ ಸಾಗಿಸಬಹುದಾದ ಗಾಡಿ ಊರಲ್ಲಿ ಅದೊಂದೇ. ಬೆಳಿಗ್ಗೆ ಶವ, ಮಧ್ಯಾಹ್ನ ರೋಗಿ. ರೋಗಿ ಉಳಿದರೆ ಆಂಬುಲೆನ್ಸ್ ಬಾಡಿಗೆ, ಉಳಿಯದಿದ್ದರೆ ಹೇಗೂ ಅವರದೇ ಗಿರಾಕಿ. ಕೇಳೋಕೆ ಕ್ರೂರ, ಆದರೆ ಇದು ತಮಾಷೆ ಅಲ್ಲ. 1960ರ ದಶಕದಲ್ಲೂ ಅಮೆರಿಕದ ಆಂಬುಲೆನ್ಸ್ ಸೇವೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಶವಸಂಸ್ಕಾರದವರ ಕೈಯಲ್ಲಿತ್ತು. ಅಂಥವರ ಸಂಖ್ಯೆ ಸುಮಾರು 12,000. ಗಾಡಿಯಲ್ಲಿ ಡ್ರೈವರ್ ಇದ್ದ. ಚಿಕಿತ್ಸೆ ಕೊಡಲು ಬಲ್ಲವರು ಬಹುತೇಕ ಕಡೆ ಇರಲಿಲ್ಲ.

ಈಗ ದಿನಾಂಕಗಳನ್ನು ಸ್ವಲ್ಪ ಗಮನ ಇಟ್ಟು ನೋಡಿ. ಈ ಕಥೆಯ ಕೀಲಿ ಇರೋದು ದಿನಾಂಕಗಳಲ್ಲೇ.

1965, ಜುಲೈ 30. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಅನ್ನೋ ಊರು. ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕ್ತಾರೆ. ಪಕ್ಕದಲ್ಲಿ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್. ಮೊದಲ ಮೆಡಿಕೇರ್ ಕಾರ್ಡ್ ಕೊಟ್ಟಿದ್ದು ಟ್ರೂಮನ್ ಅವರಿಗೇ. ದೊಡ್ಡ ಕಾನೂನು, ಕೋಟಿಗಟ್ಟಲೆ ವೃದ್ಧರಿಗೆ ಆಸರೆಯಾದ ಕಾನೂನು. ಅದರ ನೂರಾರು ಸಾಲುಗಳ ನಡುವೆ ಆಂಬುಲೆನ್ಸ್ ಬಗ್ಗೆಯೂ ಒಂದು ಸಾಲು ಇತ್ತು. ಅದರ ಸಾರ ಇಷ್ಟೇ: ಬೇರೆ ವಾಹನದಲ್ಲಿ ಕರೆದುಕೊಂಡು ಹೋದರೆ ರೋಗಿಯ ಸ್ಥಿತಿಗೆ ತೊಂದರೆ ಅನ್ನುವಂತಿದ್ದರೆ ಆಂಬುಲೆನ್ಸ್ ಖರ್ಚನ್ನು ವಿಮೆ ಭರಿಸುತ್ತದೆ.

ಅಂದರೆ ಏನು? ಆಂಬುಲೆನ್ಸ್ ಒಂದು ಸಾರಿಗೆ. ಟ್ಯಾಕ್ಸಿಯಲ್ಲಿ ಹೋಗಲಾಗದವರಿಗೆ ಇರುವ ಗಾಡಿ. 1965ರಲ್ಲಿ ಇದು ತಪ್ಪೇನೂ ಅನಿಸಲಿಲ್ಲ. ಯಾಕಂದ್ರೆ ಆಗ ಆಂಬುಲೆನ್ಸ್ ಅಂದರೆ ನಿಜವಾಗಲೂ ಗಾಡಿಯೇ ಆಗಿತ್ತು.

1966. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ಕೊಡುತ್ತೆ. ಅಪಘಾತದ ಸಾವನ್ನು ಅದು 'ನಿರ್ಲಕ್ಷಿತ ಕಾಯಿಲೆ' ಅಂತ ಕರೆಯಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಲ್ಲಿ ಸತ್ತವರು 1,07,000. ಆಂಬುಲೆನ್ಸ್‌ಗಳಲ್ಲಿ ತರಬೇತಿ ಇಲ್ಲ, ಸಲಕರಣೆ ಇಲ್ಲ, ಆಸ್ಪತ್ರೆಯ ಜೊತೆ ಮಾತಾಡಲು ರೇಡಿಯೋ ಕೂಡ ಇಲ್ಲದ ಗಾಡಿಗಳೇ ಹೆಚ್ಚು ಅಂತ ಆ ವರದಿ ಬಯಲು ಮಾಡ್ತು.

1967. ಪಿಟ್ಸ್‌ಬರ್ಗ್ ನಗರ. ಅಲ್ಲಿ ಆಗ ರೋಗಿಗಳನ್ನು ಪೊಲೀಸ್ ವ್ಯಾನ್‌ನಲ್ಲಿ ತುಂಬಿಕೊಂಡು ಹೋಗ್ತಿದ್ದರು. ಹಿಲ್ ಡಿಸ್ಟ್ರಿಕ್ಟ್ ಅನ್ನೋದು ಕಪ್ಪು ಜನಾಂಗದವರು ಹೆಚ್ಚಿದ್ದ ಬಡವರ ಪ್ರದೇಶ. ಪೊಲೀಸ್ ವ್ಯಾನ್ ಅಲ್ಲಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೀಟರ್ ಸಫರ್ ಅನ್ನೋ ವೈದ್ಯ ಅಲ್ಲಿದ್ದರು. ಇವತ್ತು ನಾವು ಸಿಪಿಆರ್ ಅಂತೀವಲ್ಲ, ನಿಂತ ಉಸಿರು, ನಿಂತ ಹೃದಯ ಮತ್ತೆ ಶುರು ಮಾಡಿಸುವ ವಿಧಾನ, ಅದನ್ನು ರೂಪಿಸಿದವರಲ್ಲಿ ಪ್ರಮುಖರು. 1966ರಲ್ಲಿ ತಮ್ಮ ಮಗಳನ್ನೇ ಅಸ್ತಮಾಕ್ಕೆ ಕಳೆದುಕೊಂಡಿದ್ದರು. ಅವರು ಆ ಪ್ರದೇಶದ ನಿರುದ್ಯೋಗಿ ಕಪ್ಪು ಯುವಕರನ್ನು ಆರಿಸಿಕೊಂಡು ಸುಮಾರು 300 ಗಂಟೆಗಳ ವೈದ್ಯಕೀಯ ತರಬೇತಿ ಕೊಟ್ಟರು. 'ಫ್ರೀಡಂ ಹೌಸ್' ಆಂಬುಲೆನ್ಸ್ ಸೇವೆ ಹುಟ್ಟಿತು. ಕೆಲಸಕ್ಕೆ ಬಾರದವರು ಅಂತ ಸಮಾಜ ಬದಿಗಿಟ್ಟಿದ್ದ ಹುಡುಗರು ಜನರ ಮನೆಯೊಳಗೆ, ರಸ್ತೆ ಮೇಲೆ, ಅಲ್ಲೇ ಚಿಕಿತ್ಸೆ ಕೊಟ್ಟು ಜೀವ ಉಳಿಸಿದರು. ಮುಂದೆ ಅಲ್ಲಿಗೆ ಬಂದ ವೈದ್ಯೆ ನ್ಯಾನ್ಸಿ ಕ್ಯಾರೋಲಿನ್, ಇಡೀ ಅಮೆರಿಕದ ಪ್ಯಾರಾಮೆಡಿಕ್‌ಗಳಿಗೆ ಪಠ್ಯ ಬರೆದರು. ಇಷ್ಟೆಲ್ಲ ಮಾಡಿದ ಫ್ರೀಡಂ ಹೌಸನ್ನು 1975ರಲ್ಲಿ ಮುಚ್ಚಲಾಯಿತು. ನಗರಾಡಳಿತ ತನ್ನದೇ ಸೇವೆ ಶುರು ಮಾಡಿತು.

ಈಗ ಮೂರು ವರ್ಷಗಳನ್ನು ಸಾಲಾಗಿ ಇಡಿ. 1965 ಕಾನೂನು. 1966 ವರದಿ. 1967 ಫ್ರೀಡಂ ಹೌಸ್. ಆಂಬುಲೆನ್ಸ್ ಒಂದು ಓಡಾಡುವ ಚಿಕಿತ್ಸಾಲಯ ಆಗಿದ್ದು ಕಾನೂನು ಬರೆದ ಮೇಲೆ! ಶವದ ಕಾರಿನ ಕಾಲದಲ್ಲಿ ಬರೆದ ಸಾಲು ಹಾಗೇ ಉಳಿಯಿತು. ಗಾಡಿ ಬದಲಾಯಿತು, ಗಾಡಿಯೊಳಗಿನ ಮನುಷ್ಯ ಬದಲಾದ, ಅವನ ಕೈಯಲ್ಲಿರುವ ಔಷಧ, ಯಂತ್ರ ಎಲ್ಲ ಬದಲಾಯಿತು. ಬಿಲ್ ಮಾತ್ರ ಸಾರಿಗೆ ಬಿಲ್ಲಾಗಿಯೇ ಉಳಿಯಿತು.

ನಡುವೆ ಒಂದು ಅವಕಾಶ ಬಂದಿತ್ತು. 1973ರಲ್ಲಿ ತುರ್ತು ವೈದ್ಯಕೀಯ ಸೇವೆಗಾಗಿಯೇ ಒಂದು ಕಾನೂನು ಬಂತು. ದೇಶದ ಉದ್ದಗಲಕ್ಕೆ ಪ್ರಾದೇಶಿಕ ಆಂಬುಲೆನ್ಸ್ ವ್ಯವಸ್ಥೆ ಕಟ್ಟಲು ಕೇಂದ್ರ ಸರ್ಕಾರವೇ ನೇರ ಅನುದಾನ ಕೊಟ್ಟಿತು. ಎಂಟೇ ವರ್ಷ. 1981ರಲ್ಲಿ ರೇಗನ್ ಸರ್ಕಾರ ಆ ಹಣವನ್ನು ರಾಜ್ಯಗಳ ಸಾಮಾನ್ಯ ಅನುದಾನದಲ್ಲಿ ಸೇರಿಸಿಬಿಡ್ತು. ಆಂಬುಲೆನ್ಸ್‌ಗೇ ಖರ್ಚು ಮಾಡಿ ಅನ್ನೋ ಒತ್ತಾಯ ಹೋಯಿತು. ಹೊಸ ನಿಯಮ, ಹೊಸ ಖರ್ಚು ನೋಡಿ ಶವಸಂಸ್ಕಾರದವರು ಆಗಲೇ ಈ ಕೆಲಸ ಬಿಟ್ಟಿದ್ದರು. ಹಳ್ಳಿಗಳಲ್ಲಿ ಆ ಜಾಗಕ್ಕೆ ಬಂದವರು ಸ್ವಯಂಸೇವಕರು. ಹಗಲು ಹೊಲದಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ದುಡಿದು, ಕರೆ ಬಂದಾಗ ಓಡಿ ಬಂದು ಆಂಬುಲೆನ್ಸ್ ಹತ್ತುವವರು. ಅವರಿಗೆ ಸಂಬಳ ಇಲ್ಲ, ಇದ್ದರೂ ಪುಡಿಗಾಸು. ಆದರೆ ಡೀಸೆಲ್ ಯಾರೂ ಪುಕ್ಕಟೆ ಹಾಕಲ್ಲ. ಔಷಧ, ರಿಪೇರಿ, ಇನ್ಶೂರೆನ್ಸ್ ಎಲ್ಲಕ್ಕೂ ದುಡ್ಡು ಬೇಕು. ಆ ದುಡ್ಡು ಬರಬೇಕಾಗಿದ್ದು ಬಿಲ್‌ನಿಂದ.

ಇಲ್ಲಿಗೆ ಬರ್ತಾನೆ ಕೋಡ್ ಅನ್ನೋ ಮಹಾರಾಯ.

ಈ ಕೋಡ್‌ಗಳ ಕಥೆಯೂ ಸ್ವಾರಸ್ಯವಾಗಿದೆ. ಪ್ಲೇಗ್ ಕಾಲದ ಲಂಡನ್‌ನಲ್ಲಿ ವಾರವಾರ ಸತ್ತವರ ಪಟ್ಟಿ ಅಚ್ಚು ಹಾಕ್ತಿದ್ದರು. ಆ ಪಟ್ಟಿಯ ಹೆಸರಲ್ಲೇ 'ಬಿಲ್' ಅನ್ನೋ ಪದ ಇತ್ತು. 1662ರಲ್ಲಿ ಜಾನ್ ಗ್ರಾಂಟ್ ಅನ್ನೋ ಬಟ್ಟೆ ವ್ಯಾಪಾರಿ ಆ ಪಟ್ಟಿಗಳನ್ನು ಗುಡ್ಡೆ ಹಾಕಿಕೊಂಡು, ಯಾವ ಕಾಯಿಲೆಗೆ ಎಷ್ಟು ಜನ ಸತ್ತರು ಅಂತ ಲೆಕ್ಕ ಮಾಡಿ ಪುಸ್ತಕ ಬರೆದ. 1893ರಲ್ಲಿ ಫ್ರಾನ್ಸ್‌ನ ಜಾಕ್ ಬರ್ಟಿಲಾನ್ ಸಾವಿನ ಕಾರಣಗಳಿಗೆ ಅಂತಾರಾಷ್ಟ್ರೀಯ ವರ್ಗೀಕರಣ ಮಂಡಿಸಿದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತುಕೊಂಡಿತು. ಅದೇ ಇವತ್ತಿನ ಐಸಿಡಿ. ಸತ್ತವರನ್ನು ಎಣಿಸಲು ಹುಟ್ಟಿದ ಪಟ್ಟಿ, ಬದುಕಿದ್ದವರಿಗೆ ಬಿಲ್ ಹಾಕುವ ಸಾಧನವಾಯಿತು!

2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಐಸಿಡಿ-10 ಜಾರಿಗೆ ಬಂದಾಗ ಅದರಲ್ಲಿ ಕಾಯಿಲೆ, ಗಾಯಗಳ ಕೋಡ್‌ಗಳೇ 68,000ದ ಆಸುಪಾಸು. ಎಷ್ಟು ಸೂಕ್ಷ್ಮ ಅಂದ್ರೆ ಬಾತುಕೋಳಿ ಬಂದು ಬಡಿದು ಗಾಯ ಆದರೆ ಅದಕ್ಕೂ ಒಂದು ಕೋಡ್ ಇದೆ, ಡಬ್ಲ್ಯು61.62. ನಾನು ತಮಾಷೆ ಮಾಡ್ತಿಲ್ಲ, ನಿಜವಾಗಲೂ ಇದೆ.

ಐಸಿಡಿ ಹೇಳೋದು ರೋಗಿಗೆ ಏನಾಗಿದೆ ಅಂತ. ಆಂಬುಲೆನ್ಸ್ ಏನು ಮಾಡಿತು ಅನ್ನೋದಕ್ಕೆ ಬೇರೆ ಕೋಡ್. ಅವು 'ಎ' ಅಕ್ಷರದಿಂದ ಶುರುವಾಗ್ತವೆ. ಎ0429 ಅಂದರೆ ತುರ್ತು ಕರೆ, ಪ್ರಾಥಮಿಕ ಮಟ್ಟದ ಜೀವರಕ್ಷಣೆ. ಎ0427 ಅಂದರೆ ತುರ್ತು ಕರೆ, ಮೇಲಿನ ಮಟ್ಟದ ಜೀವರಕ್ಷಣೆ. ಎ0428 ತುರ್ತು ಅಲ್ಲದ್ದು. ಎ0425 ಅಂದರೆ ಮೈಲಿ ಲೆಕ್ಕ. ಜೊತೆಗೆ ಎರಡು ಅಕ್ಷರ ಸೇರಿಸಬೇಕು. ಎಲ್ಲಿಂದ, ಎಲ್ಲಿಗೆ. 'ಆರ್' ಅಂದರೆ ಮನೆ, 'ಎಸ್' ಅಂದರೆ ಅಪಘಾತದ ಜಾಗ, 'ಎಚ್' ಅಂದರೆ ಆಸ್ಪತ್ರೆ. ಮನೆಯಿಂದ ಆಸ್ಪತ್ರೆಗೆ ಅಂದರೆ 'ಆರ್‌ಎಚ್'. ನಮ್ಮ ಬಸ್ ಟಿಕೆಟ್ ಮೇಲೆ ಇಂಥಲ್ಲಿಂದ ಇಂಥಲ್ಲಿಗೆ ಅಂತ ಇರುತ್ತಲ್ಲ, ಹಾಗೆ. ಸಾರಿಗೆ ಬಿಲ್ ಅಂತ ನಾನು ಸುಮ್ಮನೆ ಹೇಳಲಿಲ್ಲ.

ಮೊದಲೆಲ್ಲ ದರ ಒಂದೊಂದು ಕಡೆ ಒಂದೊಂದು ಥರ ಇತ್ತು. 1997ರ ಕಾನೂನು ಇದನ್ನು ಒಂದೇ ಪಟ್ಟಿಗೆ ತರಲು ಹೇಳಿತು. 2002ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಒಂದು ದರಪಟ್ಟಿ ಹಂತ ಹಂತವಾಗಿ ಬಂತು. ತುರ್ತು ಅಲ್ಲದ ಪ್ರಾಥಮಿಕ ಸೇವೆ 1 ಅಂತಾದರೆ, ತುರ್ತು ಪ್ರಾಥಮಿಕ ಸೇವೆ 1.6, ಮೇಲಿನ ಮಟ್ಟದ ತುರ್ತು ಸೇವೆ 1.9, ಇನ್ನೂ ಗಂಭೀರವಾದರೆ 2.75. ಮೆಡಿಕೇರ್ ಕೊಟ್ಟಷ್ಟು ತಗೊಂಡು ಸುಮ್ಮನಿರಬೇಕು, ಮೆಡಿಕೇರ್ ರೋಗಿಯಿಂದ ನಿಗದಿತ ಪಾಲು ಬಿಟ್ಟು ಹೆಚ್ಚು ಕೇಳುವಂತಿಲ್ಲ ಅನ್ನೋ ನಿಯಮವೂ ಬಂತು. ಇದು ರೋಗಿಯ ಪರವಾದ ನಿಯಮ, ಒಪ್ಪೋಣ.

ಹಳ್ಳಿಗೆ ಕಷ್ಟ ಅನ್ನೋದು ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತೇನಿಲ್ಲ. ರೋಗಿಯನ್ನು ಹತ್ತಿಸಿಕೊಂಡ ಜಾಗದ ಪಿನ್‌ಕೋಡ್ ನೋಡ್ತಾರೆ. ಹಳ್ಳಿಯಾದರೆ ಮೊದಲ 17 ಮೈಲಿಗಳಿಗೆ ಒಂದೂವರೆ ಪಟ್ಟು ದರ. ಹಳ್ಳಿಗೆ ಶೇ. 3 ಹೆಚ್ಚುವರಿ. ಜನಸಂಖ್ಯೆ ತೀರಾ ವಿರಳವಾದ ಕುಗ್ರಾಮಗಳಿಗೆ ಮೂಲ ದರದ ಮೇಲೆ ಶೇ. 22.6 ಹೆಚ್ಚುವರಿ. ಆದರೆ ಈ ಶೇಕಡಾವಾರು ಹೆಚ್ಚುವರಿ ತಾತ್ಕಾಲಿಕ! ಗಡುವು ಬಂದಾಗಲೆಲ್ಲ ಸಂಸತ್ತು ಮತ್ತೆ ವಿಸ್ತರಿಸಬೇಕು. ಇಪ್ಪತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಮುಂದಿನ ವರ್ಷ ಈ ದುಡ್ಡು ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಯಾವ ಹಳ್ಳಿ ಹೊಸ ಗಾಡಿ ಕೊಳ್ಳುತ್ತೆ? ಯಾರನ್ನು ಕೆಲಸಕ್ಕೆ ತಗೊಳ್ಳುತ್ತೆ?

ಬನ್ನಿ, ಒಂದು ಟ್ರಿಪ್ ಲೆಕ್ಕ ಹಾಕೋಣ. ಊಹೆಯ ಲೆಕ್ಕ, ಆದರೆ ನಿಯಮ ನಿಜವಾದದ್ದು. ಆಂಬುಲೆನ್ಸ್ ನಿಲ್ದಾಣದಿಂದ ರೋಗಿಯ ಮನೆಗೆ 40 ಮೈಲಿ. ಮನೆಯಿಂದ ಆಸ್ಪತ್ರೆಗೆ 60 ಮೈಲಿ. ಆಸ್ಪತ್ರೆಯಿಂದ ವಾಪಸ್ ನಿಲ್ದಾಣಕ್ಕೆ 70 ಮೈಲಿ. ಒಟ್ಟು ಓಡಿದ್ದು 170 ಮೈಲಿ. ಮೆಡಿಕೇರ್ ಲೆಕ್ಕಕ್ಕೆ ತಗೊಳ್ಳೋ ಮೈಲಿ ಎಷ್ಟು? 60 ಮಾತ್ರ. ರೋಗಿ ಗಾಡಿಯಲ್ಲಿದ್ದ ಮೈಲಿಗಳು ಅಷ್ಟೇ. ಖಾಲಿ ಹೋಗಿದ್ದು, ಖಾಲಿ ಬಂದಿದ್ದು ನಿಮ್ಮ ಕರ್ಮ. ಅದೂ ಹತ್ತಿರದ ಸೂಕ್ತ ಆಸ್ಪತ್ರೆಗೇ ಹೋಗಿರಬೇಕು. ಅದನ್ನು ದಾಟಿ ಮುಂದಿನ ಊರಿಗೆ ಹೋದರೆ ಹೆಚ್ಚಿನ ಮೈಲಿಗಳ ದುಡ್ಡಿಲ್ಲ. 2011ರಿಂದ 100 ಮೈಲಿಯೊಳಗಿನ ದೂರವನ್ನು ಹತ್ತನೇ ಒಂದು ಮೈಲಿಯ ಲೆಕ್ಕದಲ್ಲಿ ಬರೆಯಬೇಕು. ಅಷ್ಟು ಬಿಗಿ.

ನಗರದಲ್ಲಿ ಈ ಲೆಕ್ಕ ನಡೆಯುತ್ತೆ. ಯಾಕೆ? ಅಲ್ಲಿ ಒಂದು ಆಂಬುಲೆನ್ಸ್ ದಿನಕ್ಕೆ ಹತ್ತು ಟ್ರಿಪ್ ಹೊಡೆದರೆ ಖರ್ಚು ಹಂಚಿಹೋಗುತ್ತೆ. ಹಳ್ಳಿಯಲ್ಲಿ ವಾರಕ್ಕೆ ಎರಡೋ ಮೂರೋ ಕರೆ. ಉಳಿದ ಹೊತ್ತೆಲ್ಲ ಕಾಯಬೇಕು. ಆದರೆ ಆಂಬುಲೆನ್ಸ್ ಕೆಲಸವೇ ಕಾಯುವುದು, ಅಲ್ವಾ? ಫೈರ್ ಇಂಜಿನ್ ಬೆಂಕಿ ಬೀಳಲಿ ಅಂತ ಕಾಯುತ್ತೆ. ಇವತ್ತು ಎಲ್ಲೂ ಬೆಂಕಿ ಬಿದ್ದಿಲ್ಲ, ಹಾಗಾಗಿ ಫೈರ್‌ಮನ್‌ಗೆ ಸಂಬಳ ಇಲ್ಲ ಅಂತ ಯಾರಾದರೂ ಹೇಳ್ತಾರಾ? ಆಂಬುಲೆನ್ಸ್‌ಗೆ ಹೇಳ್ತಾರೆ. ಅಮೆರಿಕದ ಅನೇಕ ರಾಜ್ಯಗಳ ಕಾನೂನಿನಲ್ಲಿ ಪೊಲೀಸ್, ಅಗ್ನಿಶಾಮಕದ ಹಾಗೆ ಆಂಬುಲೆನ್ಸ್ 'ಕಡ್ಡಾಯ ಸೇವೆ' ಅಲ್ಲ. ಬಾತುಕೋಳಿ ಬಡಿದರೆ ಕೋಡ್ ಇದೆ. ಕರೆ ಬಾರದ ರಾತ್ರಿ ಎಚ್ಚರವಾಗಿ ಕೂತವರಿಗೆ ಕೋಡ್ ಇಲ್ಲ.

ಇನ್ನೊಂದು ನಿಯಮ ಹೇಳ್ತೀನಿ, ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿ. ರೋಗಿ ಸತ್ತರೆ ಬಿಲ್ ಏನಾಗುತ್ತೆ? ಇದಕ್ಕೂ ಮೂರು ವಿಭಾಗ ಇದೆ. ಆಂಬುಲೆನ್ಸ್ ಹೊರಡುವ ಮೊದಲೇ ಸತ್ತಿದ್ದಾರೆ ಅಂತ ಘೋಷಣೆ ಆದರೆ ಏನೂ ಇಲ್ಲ. ಆಂಬುಲೆನ್ಸ್ ಹೊರಟ ಮೇಲೆ, ಗಾಡಿಗೆ ಹತ್ತಿಸುವ ಮೊದಲು ಘೋಷಣೆ ಆದರೆ ಪ್ರಾಥಮಿಕ ದರ ಮಾತ್ರ, ಮೈಲಿ ಲೆಕ್ಕ ಇಲ್ಲ. ಕೋಡ್ ಜೊತೆ 'ಕ್ಯೂಎಲ್' ಅಂತ ಎರಡಕ್ಷರ ಬರೆಯಬೇಕು. ಹತ್ತಿಸಿಕೊಂಡ ಮೇಲೆ ಸತ್ತರೆ ಪೂರ್ತಿ ಬಿಲ್. ಅರ್ಧ ಗಂಟೆ ಎದೆ ಒತ್ತಿ, ಬೆವರು ಸುರಿಸಿ, ಮನೆಯ ನೆಲದ ಮೇಲೇ ಕೈಚೆಲ್ಲಿದ ಪ್ಯಾರಾಮೆಡಿಕ್‌ನ ಶ್ರಮಕ್ಕೆ ಸಿಗೋದು ಆ ಪ್ರಾಥಮಿಕ ದರ. ಜೀವ ಹೋಗಿದ್ದು ಬಾಗಿಲ ಆಚೆಯೋ ಈಚೆಯೋ ಅನ್ನೋದರ ಮೇಲೆ ದರ ನಿಂತಿದೆ.

ಇನ್ನು ಶುರುವಿನಲ್ಲಿ ಹೇಳಿದ ಸಕ್ಕರೆ ಕಾಯಿಲೆಯ ಅಜ್ಜ. ಹೋಗಿ ಚಿಕಿತ್ಸೆ ಕೊಟ್ಟೆವು, ಸಾಗಿಸಲಿಲ್ಲ ಅನ್ನೋದಕ್ಕೂ ಕೋಡ್ ಇದೆ. ಎ0998. ಕೆಲವು ಖಾಸಗಿ ವಿಮೆಗಳು ಅದಕ್ಕೆ ಹಣ ಕೊಡಲು ಶುರು ಮಾಡಿವೆ. ಮೆಡಿಕೇರ್ ಕೊಡಲ್ಲ. ಕೋಡ್ ಇದೆ, ಕಾಸಿಲ್ಲ.

ಈಗ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸರ್ಕಾರ ಇಷ್ಟು ಬಿಗಿ ಯಾಕೆ? ಸುಮ್ಮನೆ ಅಲ್ಲ. ಲೂಟಿ ಆಗಿದೆ. ಡಯಾಲಿಸಿಸ್ ರೋಗಿಗಳು ವಾರಕ್ಕೆ ಮೂರು ಸಲ ಹೋಗಿ ಬರಬೇಕು. ನಡೆದು ಬಂದು ಕಾರು ಹತ್ತಬಲ್ಲವರನ್ನೂ ಆಂಬುಲೆನ್ಸ್‌ನಲ್ಲಿ ಕೂರಿಸಿ, ಹಾಸಿಗೆಯಿಂದ ಏಳಲಾಗದವರು ಅಂತ ಬರೆದು ಬಿಲ್ ಮಾಡಿದ ಕಂಪನಿಗಳ ಮೇಲೆ ಕೇಸ್‌ಗಳಾಗಿವೆ, ಜನ ಜೈಲಿಗೂ ಹೋಗಿದ್ದಾರೆ. ಅದಕ್ಕೇ 2014ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಸೌತ್ ಕೆರೊಲಿನಾದಲ್ಲಿ ಇಂಥ ಪದೇ ಪದೇ ಹೋಗುವ ಟ್ರಿಪ್‌ಗಳಿಗೆ ಮೊದಲೇ ಅನುಮತಿ ತಗೊಳ್ಳಬೇಕು ಅನ್ನೋ ನಿಯಮ ಬಂತು. ಆಮೇಲೆ ದೇಶಕ್ಕೆಲ್ಲ ಹರಡಿತು. 'ಹಾಸಿಗೆ ಹಿಡಿದವರು' ಅನ್ನೋದಕ್ಕೂ ಮೂರು ಷರತ್ತು: ನೆರವಿಲ್ಲದೆ ಏಳಲಾಗಬಾರದು, ನಡೆಯಲಾಗಬಾರದು, ಕುರ್ಚಿಯಲ್ಲಾಗಲಿ ವೀಲ್‌ಚೇರ್‌ನಲ್ಲಾಗಲಿ ಕೂರಲಾಗಬಾರದು. ಮೂರೂ ಇರಬೇಕು.

ಕಳ್ಳರನ್ನು ಹಿಡಿಯಲೇಬೇಕು, ನನ್ನ ತಕರಾರಿಲ್ಲ. ಆದರೆ ಇದರ ಪೆಟ್ಟು ಬಿದ್ದಿದ್ದು ಯಾರಿಗೆ? ದೊಡ್ಡ ಕಂಪನಿ ವಕೀಲರನ್ನು ಇಟ್ಟುಕೊಳ್ಳುತ್ತೆ, ನೂರು ಜನ ಕೋಡರ್‌ಗಳನ್ನು ಇಟ್ಟುಕೊಳ್ಳುತ್ತೆ. ಹಳ್ಳಿಯ ಸ್ವಯಂಸೇವಕ ರಾತ್ರಿ ಎರಡು ಗಂಟೆಗೆ ರೋಗಿಯನ್ನು ಇಳಿಸಿ ಬಂದು, ನಿದ್ದೆಗಣ್ಣಲ್ಲಿ ವರದಿ ಬರೀತಾನೆ. 'ಎದೆನೋವು' ಅಂತ ಬರೆದು, ಬೇರೆ ವಾಹನದಲ್ಲಿ ಯಾಕೆ ಹೋಗಲಾಗುತ್ತಿರಲಿಲ್ಲ ಅನ್ನೋದನ್ನು ಬಿಟ್ಟರೆ ಆ ಬಿಲ್ ತಿರಸ್ಕಾರ ಆಗಬಹುದು. ಬೆಂಗಳೂರಿನಲ್ಲಿ ಕೂತ ನಮ್ಮ ಹುಡುಗಿ ಎಷ್ಟೇ ಜಾಣೆಯಾಗಿರಲಿ, ವರದಿಯಲ್ಲಿ ಇಲ್ಲದ್ದನ್ನು ಅವಳು ಕೋಡ್ ಮಾಡುವಂತಿಲ್ಲ. ಮಾಡಿದರೆ ಅದೇ ವಂಚನೆ. ಬರೆಯದಿದ್ದರೆ ನಡೆದೇ ಇಲ್ಲ ಅನ್ನೋದು ಈ ಧಂದೆಯ ಮೊದಲ ಪಾಠ.

ಸರಿಪಡಿಸಲು ಪ್ರಯತ್ನ ನಡೆಯಲಿಲ್ಲವಾ? ನಡೆಯಿತು. ಕೊರೊನಾ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಜಾಗ ಇಲ್ಲದಾಗ, ಸಾಗಿಸದೆ ಸ್ಥಳದಲ್ಲೇ ಚಿಕಿತ್ಸೆ ಕೊಟ್ಟರೂ ಕೆಲವು ಸಂದರ್ಭಗಳಲ್ಲಿ ಹಣ ಕೊಡಲು 2021ರಲ್ಲಿ ಅವಕಾಶ ಮಾಡಿದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಅದೂ ಮುಗಿಯಿತು. ಅದೇ 2021ರ ಜನವರಿಯಲ್ಲಿ ಐದು ವರ್ಷದ ಪ್ರಯೋಗ ಒಂದು ಶುರುವಾಗಿತ್ತು. ಮನೆಯಲ್ಲೇ ಚಿಕಿತ್ಸೆ ಕೊಟ್ಟರೂ, ಆಸ್ಪತ್ರೆ ಬದಲು ಕ್ಲಿನಿಕ್‌ಗೆ ಬಿಟ್ಟರೂ ಹಣ ಕೊಡುವ ಪ್ರಯೋಗ. ನಿರೀಕ್ಷಿಸಿದಷ್ಟು ಸೇವೆಗಳು ಭಾಗವಹಿಸಲಿಲ್ಲ ಅಂತ 2023ರ ಡಿಸೆಂಬರ್ 31ಕ್ಕೇ ನಿಲ್ಲಿಸಿದರು. ಇನ್ನು ಮೆಡಿಕೇರ್ ಇಲ್ಲದ, ಖಾಸಗಿ ವಿಮೆಯ ಜನರಿಗೆ ಬರುವ ದಿಢೀರ್ ಬಿಲ್ ತಡೆಯಲು 2022ರಿಂದ ಒಂದು ಕಾನೂನು ಜಾರಿಯಾಯಿತು. ಹೆಲಿಕಾಪ್ಟರ್ ಆಂಬುಲೆನ್ಸ್ ಅದರೊಳಗೆ ಬಂತು. ರಸ್ತೆ ಮೇಲೆ ಓಡುವ ಆಂಬುಲೆನ್ಸ್ ಹೊರಗೇ ಉಳಿಯಿತು!

ಇದರ ಜೊತೆಗೆ 2010ರ ನಂತರ ಅಮೆರಿಕದ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಬಾಗಿಲು ಹಾಕಿವೆ. ಒಂದು ಆಸ್ಪತ್ರೆ ಮುಚ್ಚಿದರೆ ಆಂಬುಲೆನ್ಸ್ ಇನ್ನೂ ದೂರ ಓಡಬೇಕು, ಇನ್ನೂ ಹೆಚ್ಚು ದೂರ ಖಾಲಿ ಬರಬೇಕು. ಅದು ವಾಪಸ್ ಬರುವ ತನಕ ಊರಿಗೆ ಬೇರೆ ಆಂಬುಲೆನ್ಸ್ ಇಲ್ಲ. ಸ್ವಯಂಸೇವಕರಿಗೆ ವಯಸ್ಸಾಗ್ತಿದೆ, ಹೊಸಬರು ಬರ್ತಿಲ್ಲ. ಕೆಲವು ಕಡೆ ಸೇವೆಯೇ ನಿಂತುಹೋಗಿದೆ. ಜಗತ್ತಿನ ಅತ್ಯಂತ ಶ್ರೀಮಂತ ದೇಶದ ಹಳ್ಳಿಯ ಕಥೆ ಇದು.

ಈಗ ನಮ್ಮ ಮನೆಗೆ ಬರೋಣ. 2005ರಲ್ಲಿ ಹೈದರಾಬಾದ್‌ನಲ್ಲಿ 108 ಮಾದರಿ ಶುರುವಾಯಿತು. 2008ರ ನವೆಂಬರ್ 1, ರಾಜ್ಯೋತ್ಸವದ ದಿನ ಕರ್ನಾಟಕಕ್ಕೆ 'ಆರೋಗ್ಯ ಕವಚ' ಹೆಸರಲ್ಲಿ ಬಂತು. ಇಲ್ಲಿ ರೋಗಿಗೆ ಬಿಲ್ ಇಲ್ಲ. ಎ0429 ಇಲ್ಲ, ಆರ್‌ಎಚ್ ಇಲ್ಲ. ಸರ್ಕಾರದ ಬೊಕ್ಕಸದಿಂದ ಹಣ ಹೋಗುತ್ತೆ. ಗಾಡಿಯಲ್ಲಿ ಒಬ್ಬ ತರಬೇತಿ ಪಡೆದ ಇಎಂಟಿ, ಒಬ್ಬ ಚಾಲಕ. ಚಾಲಕನನ್ನು 'ಪೈಲಟ್' ಅಂತಾರೆ. '108ರಲ್ಲೇ ಹೆರಿಗೆ, ತಾಯಿ ಮಗು ಕ್ಷೇಮ' ಅನ್ನೋ ಸುದ್ದಿ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಆ ಹೆರಿಗೆ ಸಾರಿಗೆನಾ, ಚಿಕಿತ್ಸೆನಾ? ಉತ್ತರ ಆ ತಾಯಿಯನ್ನು ಕೇಳಿ.

ಇದು ನಮ್ಮ ಹೆಮ್ಮೆ. ಆದರೆ ಮೈಮರೆಯಬೇಡಿ. 108 ಸಿಬ್ಬಂದಿ ಸಂಬಳ ಬಂದಿಲ್ಲ ಅಂತ ಬೀದಿಗಿಳಿದ ಸುದ್ದಿಯನ್ನೂ ನಾವೇ ತೋರಿಸಿದ್ದೀವಿ. ಇನ್ನು ಕೋಡ್? ಅದು ನಮ್ಮಲ್ಲಿಗೂ ಬಂದಾಗಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್‌ನಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜ್, ಪ್ರತಿ ಪ್ಯಾಕೇಜ್‌ಗೂ ಒಂದು ಕೋಡ್ ಇದೆ. ಕೋಡ್ ಬೇಕು, ಲೆಕ್ಕ ಇಲ್ಲದೆ ಸರ್ಕಾರಿ ಹಣ ಕೊಡಲಾಗಲ್ಲ. ನಾನು ಕೇಳೋದು ಇಷ್ಟೇ. ನಾಳೆ ಆಂಬುಲೆನ್ಸ್ ಟೆಂಡರ್ ಬರೆಯುವ ಅಧಿಕಾರಿ ಏನನ್ನು ಎಣಿಸ್ತಾರೆ? ಟ್ರಿಪ್ ಎಣಿಸಿದರೆ, ಕಿಲೋಮೀಟರ್ ಎಣಿಸಿದರೆ, ಬೆಂಗಳೂರಿನ ಗಾಡಿ ಪಾಸ್, ಜೋಯಿಡಾದ ಗಾಡಿ ಫೇಲ್. ಮಲೆ ಮಹದೇಶ್ವರ ಬೆಟ್ಟದ ಹಾಡಿಗಳ ಹತ್ತಿರ ನಿಂತ ಗಾಡಿ ದಿನಕ್ಕೆ ಒಂದೇ ಕರೆಗೆ ಹೋಗಿರಬಹುದು. ಕಾಗದದ ಮೇಲೆ ಅದು ದಂಡ. 'ಕೆಲಸ ಇಲ್ಲ, ಬೇರೆ ಕಡೆ ಕಳಿಸಿ' ಅಂತ ಯಾರೋ ಒಬ್ಬರು ಫೈಲ್ ಮೇಲೆ ಬರೆಯೋದಕ್ಕೆ ಎಷ್ಟು ಹೊತ್ತು ಬೇಕು?

ಅಮೆರಿಕದಲ್ಲಿ ಆಗಿದ್ದೂ ಅದೇ. 1965ರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಕಣ್ಣೆದುರು ಕಂಡ ಗಾಡಿಯನ್ನು ನೋಡಿ ಒಂದು ಸಾಲು ಬರೆದರು. ಆ ಸಾಲನ್ನು ತಿದ್ದಲು ಆಮೇಲೆ ಬಂದ ಯಾರಿಗೂ ಆಗಲಿಲ್ಲ. ಆ ಸಾಲಿನ ಮೇಲೆ ಕೋಡ್ ಬಂತು, ಕೋಡ್ ಮೇಲೆ ದರ ಬಂತು, ದರದ ಮೇಲೆ ಹೆಚ್ಚುವರಿ ಬಂತು, ಹೆಚ್ಚುವರಿ ಮೇಲೆ ಗಡುವು ಬಂತು. ಮೊಂಟಾನಾದ ಅಜ್ಜನ ಮನೆಗೆ ಹೋದ ಆಂಬುಲೆನ್ಸ್ ಮಾತ್ರ ಇವತ್ತಿಗೂ ಬರಿಗೈಯಲ್ಲೇ ವಾಪಸ್ ಬರ್ತಿದೆ.

ಅದಕ್ಕೇ ಹೇಳ್ತೀನಿ. ನಿಮ್ಮ ಶಾಸಕರು ಹೊಸ ಆಂಬುಲೆನ್ಸ್‌ಗೆ ಹಸಿರು ಬಾವುಟ ತೋರಿಸೋಕೆ ಬಂದಾಗ ಚಪ್ಪಾಳೆ ಹೊಡೀರಿ, ಬೇಡ ಅನ್ನಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿ: ಸ್ವಾಮಿ, ಈ ಗಾಡಿ ನಮ್ಮೂರಲ್ಲಿ ಸುಮ್ಮನೆ ನಿಂತಿರುವ ದಿನದ ಖರ್ಚನ್ನು ಒಪ್ಪಂದದಲ್ಲಿ ಬರೆದಿದ್ದೀರಾ? ಬರೆದಿದ್ದರೆ ಗಾಡಿ ನಿಮ್ಮೂರಲ್ಲಿ ಉಳಿಯುತ್ತೆ. ಬರೆದಿಲ್ಲ ಅಂದ್ರೆ, ಅದು ಎಷ್ಟು ದಿನ ಇರುತ್ತೆ ಅಂತ ಎಣಿಸೋಕೆ ಶುರು ಮಾಡಿ.